ಜೇಬಿನಲ್ಲಿದ್ದ ಫ್ಯೂಸ್

ವೈರಿನ ತುದಿ ಕಲ್ಮೇಶನ ಹಲ್ಲಿನ ನಡುವೆ ಇತ್ತು. ಇನ್ನೇನು ಕಚ್ಚಿ ಸಿಪ್ಪೆ ಸುಲಿಯಬೇಕು, ಅಷ್ಟರಲ್ಲಿ ಕೆಳಗಿನಿಂದ ಶಿಲ್ಪಾಳ ದನಿ ಕೇಳಿಸಿತು. ಮೊದಲ ಮಹಡಿಯ ಬಾಡಿಗೆ ಮನೆಯವಳು. “ಆಂಟೀ, ನಮ್ಮನೇಲಿ ಕರೆಂಟ್ ಹೋಯ್ತು. ನಿಮ್ಮನೇಲಿ ಇದ್ಯಾ?”

“ಇದೆಯಲ್ಲಮ್ಮ, ಮಿಕ್ಸಿ ಓಡ್ತಾ ಇದೆ ನೋಡು,” ಎಂದರು ಮನೆ ಓನರ್ ನೀಲಗಂಗಮ್ಮ.

ಕಲ್ಮೇಶನ ದವಡೆ ನಿಂತಲ್ಲೇ ನಿಂತಿತು. ಸುತ್ತಲಿನ ನಾಲ್ಕಾರು ಬೀದಿಗಳಿಗೆ ಅವನು ಇಂಟರ್ನೆಟ್ ಕೊಡುತ್ತಿದ್ದುದು ಈ ತಾರಸಿಯ ಡಿಶ್‌ನಿಂದ. ಅದಕ್ಕೆ ಕರೆಂಟು ನೀಲಗಂಗಮ್ಮನವರ ಮೀಟರಿನದು. ಇಲಿ ವೈರು ಕಡಿದು ಬೆಳಗ್ಗೆಯೇ ಡಿಶ್‌ನ ದೀಪ ಆರಿತ್ತು, “ನೆಟ್ ಯಾವಾಗ ಬರುತ್ತೆ?” ಎಂದು ಫೋನ್ ಬಡಿದುಕೊಳ್ಳುತ್ತಲೇ ಇತ್ತು. ಆ ಗಡಿಬಿಡಿಯಲ್ಲೂ ಅವನು ತನ್ನ ರೂಢಿ ಬಿಟ್ಟಿರಲಿಲ್ಲ. ಮೀಟರ್ ಬೋರ್ಡಿನಿಂದ ಫ್ಯೂಸ್ ಕಿತ್ತು, ಯಾರೂ ಮತ್ತೆ ಹಾಕದಿರಲೆಂದು ಅಂಗಿಯ ಜೇಬಿಗಿಳಿಸಿಕೊಂಡೇ ಮೇಲೆ ಹತ್ತಿದ್ದ.

ಮೆಲ್ಲಗೆ ಜೇಬು ಮುಟ್ಟಿ ನೋಡಿಕೊಂಡ. ಫ್ಯೂಸ್ ಅಲ್ಲೇ ಇತ್ತು. ಶಿಲ್ಪಾಳ ಮನೆಯದು.

ಬರಿಗಾಲ ಕೆಳಗೆ ಟ್ಯಾಂಕಿನಿಂದ ಸೋರಿದ ನೀರು ತಣ್ಣಗೆ ಹರಿಯುತ್ತಿತ್ತು. ನಾಲಿಗೆಯನ್ನು ಗಂಟಲಿನತ್ತ ಎಳೆದುಕೊಂಡು, ಉಗುಳು ನುಂಗಲೂ ಹೆದರಿ, ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಬಾಯಿ ತೆರೆದ. ಜಾರಿದ ವೈರು ಡಿಶ್‌ನ ಕಬ್ಬಿಣದ ಕಂಬಕ್ಕೆ ತಾಗಿ ಚಟ್ಟನೆ ಕಿಡಿ ಹಾರಿತು. ಕೆಳಗೆ ಮಿಕ್ಸಿ ನಿಂತಿತು.

ಫೋನ್ ಮತ್ತೆ ಬಡಿದುಕೊಂಡಿತು. ಕಲ್ಮೇಶನಿಗೆ ತೆರೆದ ಬಾಯಿಯನ್ನು ಮುಚ್ಚಲಾಗಲಿಲ್ಲ.