ಹನ್ನೆರಡನೇ ನಂಬರಿನ ಡಬ್ಬ

ಎಂಟನೇ ನಂಬರಿನ ಸಾಲಿನ ಮೇಲೆ ಕೊನೆಯ ಖಾಲಿ ಡಬ್ಬ ಇಡಲು ಸೊಸೆ ಸ್ಟೂಲ್ ಹತ್ತಿದ್ದಳು. ಅಷ್ಟರಲ್ಲಿ ಶೂ ಅಂಗಡಿಯ ಯಜಮಾನರಾದ ಮಾವ ಬಂದು ಕುರ್ಚಿಯಲ್ಲಿ ಕೂತರು. "ಏನಮ್ಮ, ಗೋಡೆ ಕಟ್ತಿದೀಯಾ?"

"ಗ್ರಾಫ್, ಮಾವ. ಈ ತಿಂಗಳು ಮಾರಿದ ಒಂದೊಂದು ಜೊತೆಗೂ ಒಂದೊಂದು ಡಬ್ಬ. ಯಾವ ನಂಬರು ಎಷ್ಟು ಹೋಗಿದೆ ಅಂತ ನೀವೇ ನೋಡಿ."

ಐದರ ಸಾಲು ಮೊಣಕಾಲಿಗೂ ಬರುತ್ತಿರಲಿಲ್ಲ. ಆರು ಸೊಂಟದವರೆಗಿತ್ತು, ಏಳು ಮತ್ತು ಎಂಟು ಸೂರು ಮುಟ್ಟುವಂತಿದ್ದವು, ಒಂಬತ್ತರಿಂದ ಮತ್ತೆ ಇಳಿಜಾರು. ಎಲ್ಲ ನಂಬರನ್ನೂ ಸಮಸಮವಾಗಿ ತರಿಸುವುದು ಮಾವನ ಹಟ. ಕಾಲಿನಲ್ಲಿ ಭೇದಭಾವ ಮಾಡಬಾರದು ಎನ್ನುತ್ತಿದ್ದರು. ಹಾಗಾಗಿ ಎಂಟು ಕೇಳಿದ ಗಿರಾಕಿಗಳು ಎದುರಂಗಡಿಗೆ ಹೋಗುತ್ತಿದ್ದರು, ದೊಡ್ಡ ನಂಬರುಗಳು ಅಟ್ಟದಲ್ಲಿ ಧೂಳು ಹಿಡಿಯುತ್ತಿದ್ದವು.

ಮಾವ ಆ ಗುಡ್ಡವನ್ನು ಬುಡದಿಂದ ತುದಿಯವರೆಗೆ ನೋಡಿದರು. "ಆಯ್ತು, ನೀನೇ ಗೆದ್ದೆ. ಈ ಸಲದ ಆರ್ಡರಲ್ಲಿ ಏಳು, ಎಂಟು ಜಾಸ್ತಿ ಬರ್ಕೋ."

"ಹನ್ನೊಂದು ಒಂದೂ ಹೋಗಿಲ್ಲ. ಹನ್ನೆರಡರಲ್ಲಿ ಒಂದೇ ಒಂದು." ಅವಳು ಮೂಲೆಯಲ್ಲಿ ಒಂಟಿಯಾಗಿದ್ದ ಡಬ್ಬ ತೋರಿಸಿದಳು. "ಆ ಪುಣ್ಯಾತ್ಮ ಯಾರೋ ಏನೋ. ಇನ್ಮೇಲೆ ಹನ್ನೆರಡು ತರಿಸೋದೇ ಬೇಡ, ಅಲ್ವಾ?"

ಮಾವ ಎರಡೂ ಕಾಲುಗಳನ್ನು ಮೆಲ್ಲಗೆ ಕುರ್ಚಿಯ ಕೆಳಗೆ ಎಳೆದುಕೊಂಡರು. ಹೊಸ ಶೂ ಕಿರ್ರೆಂದಿತು.

ಸೊಸೆ ನಗು ತಡೆದುಕೊಂಡು ಪೆನ್ನು ಎತ್ತಿಕೊಂಡಳು. "ಸರಿ, ಹನ್ನೆರಡು ಒಂದು ಜೊತೆ ಇರ್ಲಿ."

"ಎರಡು ಬರ್ಕೋ," ಎಂದರು ಮಾವ. "ತೊಟ್ಟಿಲಲ್ಲಿರೋ ನಿನ್ನ ಮಗನ ಕಾಲು ಒಂದ್ಸಲ ನೋಡು."