ಕಾಲಿಂಚು ಲೂಸು

ಗಿರಾಕಿಯ ಪ್ಯಾಂಟಿನ ಅಂಚಿಗೆ ಗುರುತು ಹಾಕಲು ಬಗ್ಗಿದ ಟೈಲರ್‌ಗೆ ತನ್ನ ಪ್ಯಾಂಟಿನೊಳಗೇ ಏನೋ ಬೆಚ್ಚಗೆ ಇಳಿದದ್ದು ಗೊತ್ತಾಯಿತು. ಎದ್ದು ನಿಂತಾಗ ಬಲತೊಡೆಯ ಮೇಲೆ ಅಂಗೈಯಗಲ ಒದ್ದೆ. ಗಿರಾಕಿ, ಬ್ಯಾಂಕಿನ ಕ್ಯಾಷಿಯರ್, ಅದನ್ನೇ ನೋಡುತ್ತಿದ್ದರು.

"ಇಸ್ತ್ರಿಗೆ ಚಿಮುಕಿಸೋ ನೀರು ಸಾರ್. ಬಟ್ಟೆ ಬಿಟ್ಟು ನನ್ನ ಮೇಲೇ ಚಿಮುಕಿಸ್ಕೊಂಡೆ. ಇನ್ನು ನನ್ನೇ ಇಸ್ತ್ರಿ ಮಾಡ್ಬೇಕು."

"ನೀರು ಸ್ವಲ್ಪ ಹಳೇದು ಅನ್ಸುತ್ತೆ," ಎಂದು ಕ್ಯಾಷಿಯರ್ ಮೂಗು ಮುಚ್ಚಿಕೊಂಡು ಹೊರಟರು.

ಟೈಲರ್ ಅಂಗಡಿಯ ಷಟರ್ ಅರ್ಧ ಎಳೆದ. ಮೂಲೆಯಲ್ಲಿ ಕೂತು ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದ ಹೆಂಡತಿಯ ಕಡೆ ತಿರುಗಿ, "ಸಾಕು ಕಣೇ. ಅಂಗಡಿ ಬಿಟ್ಟುಕೊಟ್ಟುಬಿಡೋಣ. ಸೋರೋ ಟೈಲರ್ ಹತ್ರ ಯಾವನು ರೇನ್‌ಕೋಟ್ ಹೊಲಿಸ್ತಾನೆ?" ಎಂದ.

ಕ್ಯಾನ್ಸರ್ ಎಂದು ಡಾಕ್ಟರು ಅವನ ಮೂತ್ರಕೋಶವನ್ನೇ ತೆಗೆದು, ಕರುಳಿನ ತುಂಡೊಂದರ ತುದಿಯನ್ನು ಹೊಟ್ಟೆಯ ಬಲಗಡೆ ಹೊರಗೆ ತಂದು ಹೊಲಿದಿದ್ದರು. ಕೆಂಪು ಮೊಗ್ಗಿನಂಥ ಆ ಬಾಯಿಂದ ಮೂತ್ರ ಹನಿಯುತ್ತಲೇ ಇರುತ್ತದೆ. ಅದರ ಸುತ್ತ ಅಂಟಿಸಲು ಒಂದು ಬಿಲ್ಲೆ, ಬಿಲ್ಲೆಗೊಂದು ಚೀಲ. ಬಿಲ್ಲೆಯಲ್ಲಿ ಆ ಬಾಯಿಯ ಅಳತೆಗೆ ತೂತು ಕತ್ತರಿಸಿಕೊಳ್ಳುವುದು ರೋಗಿಯ ಕೆಲಸ. ಕತ್ತರಿ ಹಿಡಿದೇ ತಲೆ ನರೆತವನಿಗೆ ಅದನ್ನು ಯಾರಾದರೂ ಹೇಳಿಕೊಡಬೇಕೇ? ಆಸ್ಪತ್ರೆಯಲ್ಲಿ ಸಿಸ್ಟರ್ ತೆಗೆದ ಅಳತೆಗೆ ರಟ್ಟಿನ ನಮೂನೆ ಮಾಡಿಟ್ಟುಕೊಂಡು, ಅಂಗಡಿಯ ರೂಢಿಯಂತೆ ಸುತ್ತ ಕಾಲಿಂಚು ಲೂಸು ಬಿಟ್ಟು ಕತ್ತರಿಸಿ, ಟ್ರಯಲ್ ರೂಮಿನ ಪರದೆ ಎಳೆದುಕೊಂಡು ಒಬ್ಬನೇ ಅಂಟಿಸಿಕೊಳ್ಳುತ್ತಿದ್ದ. ಹೆಂಡತಿಗೂ ಒಳಗೆ ಪ್ರವೇಶವಿರಲಿಲ್ಲ.

"ಸಿಸ್ಟರ್ ಹೇಳಿದ ಹಾಗೇ ಮಾಡ್ತಿದೀರಾ?" ಎಂದಳು ಹೆಂಡತಿ.

"ಒಂದಕ್ಷರ ಬಿಟ್ಟಿಲ್ಲ."

"ಏನ್ ಹೇಳಿದ್ರು ಹೇಳಿ ನೋಡೋಣ."

ಇನ್ನೊಬ್ಬರ ದನಿ ಅನುಕರಿಸು ಎಂದು ಅವನಿಗೆ ಎರಡನೇ ಸಲ ಹೇಳಬೇಕಾಗಿಲ್ಲ. ಕತ್ತು ವಾರೆ ಮಾಡಿ ಮೂಗಿನಿಂದ ರಾಗ ಎಳೆದ: "ನೋಡೀ ಯಜಮಾನ್ರೇ... ಚರ್ಮ ತೊಳ್ದು ಪೂರ್ತಿ ಒಣಗಿಸ್ಬೇಕೂ... ಚೀಲ ತುಂಬಿ ತುಳುಕೋವರೆಗೂ ಕಾಯ್ಬಾರ್ದೂ... ಊತ ಇಳಿದಂಗೆಲ್ಲಾ ಆ ಬಾಯಿ ಚಿಕ್ಕದಾಗುತ್ತೇ, ವಾರವಾರ ಹೊಸ್ದಾಗಿ ಅಳೀಬೇಕೂ... ತೂತು ದೊಡ್ಡದಾದ್ರೆ ಚರ್ಮ ಸುಡುತ್ತೇ, ಅಂಟು ಬಿಡುತ್ತೇ..."

ಸಾಕ್ಷಾತ್ ಸಿಸ್ಟರೇ. ಹೆಂಡತಿ ಸೆರಗು ಬಾಯಿಗಿಟ್ಟು ನಕ್ಕಳು. ಆಮೇಲೆ ನಗು ನಿಂತಿತು.

"ಅಳೆದ್ರಾ?"

ಅವನು ವಾರೆ ಮಾಡಿದ್ದ ಕತ್ತನ್ನು ನೆಟ್ಟಗೆ ಮಾಡಿಕೊಂಡ. ಆಸ್ಪತ್ರೆಯಲ್ಲಿ ಅವನು ಗಮನವಿಟ್ಟು ಕಲಿತದ್ದು ಆ ರಾಗವನ್ನು ಮಾತ್ರ.

"ಹಳೇ ಅಳತೆ. ಅದರ ಮೇಲೆ ಕಾಲಿಂಚು ಲೂಸು," ಎಂದ ಮೆಲ್ಲಗೆ. "ಇಂಥಾ ಕೆಲಸ ನನ್ನ ಹತ್ರ ರಿಪೇರಿಗೆ ಬಂದಿದ್ರೆ, ಯಾವ ಪುಣ್ಯಾತ್ಮ ಕತ್ತರಿಸಿದ್ದು ಅಂತ ಊರಿಗೆಲ್ಲಾ ಹೇಳ್ಕೊಂಡು ನಗ್ತಿದ್ದೆ."

"ಮತ್ತೆ ಯಾಕ್ರೀ ಅಳೀಲಿಲ್ಲ?"

"ಅಳೀಬೇಕಾದ್ರೆ ನೋಡ್ಬೇಕಲ್ಲೇ. ನಾನು ಕಣ್ಣು ಮುಚ್ಕೊಂಡೇ ಅಂಟಿಸೋದು."

ಹೆಂಡತಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದಳು. ಅವನ ಕೊರಳಿನ ಟೇಪು ಎಳೆದುಕೊಂಡು ಟ್ರಯಲ್ ರೂಮಿನ ಪರದೆ ಸರಿಸಿದಳು. "ನಾನು ನೋಡ್ತೀನಿ. ಅಂಗಿ ಎತ್ತಿ."

"ಬೇಡ ಕಣೇ. ಚೆನ್ನಾಗಿಲ್ಲ ಅದು."

"ನಿಮ್ಮ ಮೀಸೇನೂ ಚೆನ್ನಾಗಿಲ್ಲ. ಮದುವೆ ಆದಾಗಿಂದ ನೋಡ್ತಿಲ್ವಾ?"

ಬಿಲ್ಲೆ ಕಿತ್ತು, ಸುಟ್ಟು ಕೆಂಪಾಗಿದ್ದ ಚರ್ಮವನ್ನು ಒದ್ದೆ ಬಟ್ಟೆಯಿಂದ ಒತ್ತಿ ಒರೆಸಿ, ಅವಳು ಟೇಪು ಬಿಚ್ಚಿದಳು. ಅದರ ತಣ್ಣನೆಯ ಹಿತ್ತಾಳೆ ತುದಿ ತಾಗಿದ್ದೇ ತಡ, ಅಳತೆ ಕೊಡಲು ಬಂದ ಗಿರಾಕಿಗಳೆಲ್ಲ ಮಾಡುವಂತೆ ಟೈಲರ್ ಉಸಿರು ಬಿಗಿಹಿಡಿದು, ಎದೆ ಉಬ್ಬಿಸಿ, ಹೊಟ್ಟೆಯನ್ನು ಬೆನ್ನಿನವರೆಗೆ ಎಳೆದುಕೊಂಡ.

"ಹೊಟ್ಟೆ ಬಿಡ್ರೀ," ಎಂದಳು ಹೆಂಡತಿ, "ನನಗೂ ಸುಳ್ಳು ಅಳತೆ ಕೊಡ್ತೀರಾ?"