ಶೂ ಮೇಲಿನ ಧೂಳು

"ಇಲ್ಲಿ ಬಾಪ್ಪ, ಆ ಶೂ ಬಿಚ್ಚಿ ಕೊಡು," ಎಂದು ಚಪ್ಪಲಿ ಹೊಲಿಯುವ ಮುದುಕ ಕರೆದಾಗ ಸೈನಿಕನ ಕೈ ತಾನಾಗಿಯೇ ಅಂಗಿಯೊಳಗಿನ ಪಿಸ್ತೂಲಿನತ್ತ ಹೋಯಿತು. ಸಮವಸ್ತ್ರ ಕಳಚಿಟ್ಟು, ಬಸ್ಸಿಗೆ ಕಾಯುವವನಂತೆ ಕೂತು ನಿಲ್ದಾಣದ ಮೇಲೆ ಕಣ್ಣಿಡುವುದು ಅವನ ಕೆಲಸ. ಗುರುತು ಸಿಕ್ಕರೆ ಎಲ್ಲ ಕೆಟ್ಟಂತೆ. ಬೆಳಗಿನಿಂದ ಜನ ನಿಂತೇ ಕಾಯುತ್ತಿದ್ದರು, ಅವನ ಬೆಂಚಿನಲ್ಲಿ ಮಾತ್ರ ಯಾರೂ ಕೂತಿರಲಿಲ್ಲ.

"ಬೇಡ ಯಜಮಾನ್ರೆ, ಪಾಲಿಶ್ ಆಗಿದೆ."

"ಅದಕ್ಕೇ ಕರೆದಿದ್ದು. ಅದ್ರಲ್ಲಿ ಮುಖ ನೋಡ್ಕೊಂಡು ಗಡ್ಡ ಕೆರ್ಕೋಬಹುದು." ಮುದುಕ ದನಿ ತಗ್ಗಿಸಿದ. "ಸೈನ್ಯದಲ್ಲಿ ನಾನೂ ಹದಿನೇಳು ವರ್ಷ ಹೀಗೇ ಉಜ್ಜಿದೋನು. ಬಸ್ಸಿಗೆ ಕಾಯೋರ ಶೂ ಹೀಗಿರಲ್ಲ ಮಗ."

ಸೈನಿಕ ನಾಚಿಕೊಂಡು ಬಿಚ್ಚಿಕೊಟ್ಟ. ಮುದುಕ ಬ್ರಷ್ ಮುಟ್ಟಲಿಲ್ಲ. ಚಿಂದಿಬಟ್ಟೆಗೆ ನೆಲದ ಧೂಳು ಹಚ್ಚಿಕೊಂಡು, ಪಾಲಿಶ್ ಹಾಕುವಷ್ಟೇ ಶ್ರದ್ಧೆಯಿಂದ ಎರಡಕ್ಕೂ ಬಳಿದು, ಒಂದರ ಲೇಸು ಸಡಿಲಿಸಿ ಕೊಟ್ಟ. "ಬೆನ್ನೂ ಸ್ವಲ್ಪ ಬಗ್ಗಲಿ. ಪರೇಡಿಗೆ ಬಂದೋನ ಹಾಗೆ ಕೂತಿದೀಯ."

ಸೈನಿಕ ಶೂ ಹಾಕಿಕೊಂಡು ಹೋಗಿ ಬೆಂಚಿಗೆ ಒರಗಿದ. ಸ್ವಲ್ಪ ಹೊತ್ತಿಗೆ ಹೆಂಗಸೊಬ್ಬಳು ತನ್ನ ಭಾರದ ಚೀಲವನ್ನು ಅವನ ಶೂ ಮೇಲೆಯೇ ಇಳಿಸಿ, "ಸರ್ಕೋಪ್ಪ ಆ ಕಡೆ, ಇಡೀ ಬೆಂಚು ನಿಂದೇನಾ?" ಎಂದಳು. ಅವನು ಅಂಗಿಯನ್ನು ಪಿಸ್ತೂಲಿನ ಮೇಲೆ ಎಳೆದುಕೊಂಡು, ಖುಷಿಯಿಂದ ಸರಿದು ಕೂತ.